ಏಳನೆಯ ಸಲ ಹೊಗೆ ಅಡಗಿತು: ಅಡಿಕೆ ಸಿಪ್ಪೆಯ ಬಯೋಚಾರ್

ಕಳೆದ ಭಾನುವಾರ ಸಂಜೆ ಗುಂಡಿಗೆ ಕೊನೆಯ ಕೊಡ ನೀರು ಸುರಿಯುವವರೆಗೆ, ಬೆಂಕಿ ಹೊತ್ತಿಸಿದ ಮೊದಲ ಕಾಲು ಗಂಟೆಯನ್ನು ಬಿಟ್ಟರೆ, ತೋಟದ ಮೇಲೆ ಹೊಗೆಯೇ ಏಳಲಿಲ್ಲ. ಅಡಿಕೆ ಸಿಪ್ಪೆಯಿಂದ ಬಯೋಚಾರ್, ಅಂದರೆ ಗಿಡದ ಇಂಗಾಲವನ್ನು ಮಣ್ಣಿನಲ್ಲಿ ಬಹುಕಾಲ ಹಿಡಿದಿಡುವ ಇದ್ದಿಲು, ಮಾಡುವ ನನ್ನ ಏಳನೆಯ ಪ್ರಯತ್ನ ಇದು. ಹಿಂದಿನ ಆರರಲ್ಲಿ ಮೂರು ಸಲ ಬೂದಿ ಸಿಕ್ಕಿತ್ತು, ಮೂರು ಸಲ ಅರೆಬೆಂದ ಕಂದು ನಾರು. ಬಯೋಚಾರ್ ಮಾಡುವವರಿಗೆ ಬೆಂಕಿ ಹೊತ್ತಿಸುವುದನ್ನೂ ಆರಿಸುವುದನ್ನೂ ಮತ್ತೆ ಹೇಳಬೇಕಾಗಿಲ್ಲ; ಆದ್ದರಿಂದ ನನ್ನನ್ನು ಎರಡು ತಿಂಗಳು ಕಾಡಿದ ಅಡಿಕೆ ಸಿಪ್ಪೆಯೊಂದರ ಬಗ್ಗೆಯೇ ಇಲ್ಲಿ ಬರೆಯುತ್ತೇನೆ.

ನಾನು ಅನುಸರಿಸುತ್ತಿರುವುದು, ಬಾಯಿ ತೆರೆದ ಶಂಕುವಿನಾಕಾರದ ಭಟ್ಟಿಯಲ್ಲಿ ಪದರ ಪದರವಾಗಿ ಸುಡುವ ಕಾನ್-ಟಿಕಿ ವಿಧಾನವನ್ನು. ಸ್ವಿಟ್ಜರ್ಲೆಂಡಿನ ಇಥಾಕಾ ಸಂಸ್ಥೆಯ ಹಾನ್ಸ್-ಪೀಟರ್ ಶ್ಮಿಟ್ ಮತ್ತು ಆಸ್ಟ್ರೇಲಿಯಾದ ಪಾಲ್ ಟೇಲರ್ 2014ರಲ್ಲಿ ರೂಪಿಸಿದ ಈ ಭಟ್ಟಿಯ ವಿನ್ಯಾಸವನ್ನು ಯಾರು ಬೇಕಾದರೂ ಬಳಸಿಕೊಳ್ಳಲೆಂದು ಬಿಟ್ಟುಕೊಟ್ಟದ್ದರಿಂದಲೇ ಅದು ಶಿರಸಿಯ ಒಂದು ಸಣ್ಣ ತೋಟಕ್ಕೂ ಬಂದು ಮುಟ್ಟಿದೆ. ಮೊದಲೆರಡು ಸಲ ಉಕ್ಕಿನ ಭಟ್ಟಿಯಲ್ಲಿ ಸುಟ್ಟೆ. 3 ಮಿಲಿಮೀಟರ್ ತಗಡು ಬೇಕೆಂದು ಬರೆದುಕೊಟ್ಟಿದ್ದರೂ ವೆಲ್ಡಿಂಗ್ ಅಂಗಡಿಯವರು 2 ಮಿಲಿಮೀಟರಿನದ್ದನ್ನು ಹಾಕಿದ್ದರು. ಎರಡನೆಯ ಸುಡುವಿಕೆಗೇ ಬಾಯಿ ಸೊಟ್ಟಗಾಯಿತು. ಹಣ ಹೋದದ್ದಕ್ಕಿಂತ, ಅಳತೆಯನ್ನು ಮೂರು ಸಲ ಒತ್ತಿ ಹೇಳಿದ್ದರೂ ಹೀಗಾಯಿತಲ್ಲ ಎಂಬ ಬೇಸರ ಇನ್ನೂ ಹೋಗಿಲ್ಲ. ಆಮೇಲೆ ನೇಪಾಳದ ರೈತರು ಮಾಡುವಂತೆ ನೆಲದಲ್ಲೇ ಆಲಿಕೆಯ ಬಾಯಿಯಂತೆ ಇಳಿಜಾರಾದ ಗುಂಡಿ ತೋಡಿದೆ. ಖರ್ಚು ಅರ್ಧ ದಿನದ ಗುದ್ದಲಿ ಕೆಲಸ ಮಾತ್ರ.

ಈ ವಿಧಾನದ ಜೀವಾಳವೆಂದರೆ ಮೇಲಿನ ಜ್ವಾಲೆಯ ಹೊದಿಕೆ. ಕೆಳಗಿನ ಪದರದಿಂದ ಹೊರಡುವ ಅನಿಲ ಮೇಲೆ ಉರಿಯುತ್ತಾ ಗಾಳಿಯಲ್ಲಿನ ಆಮ್ಲಜನಕವನ್ನು ತಾನೇ ಬಳಸಿಕೊಳ್ಳುವುದರಿಂದ ಅಡಿಯ ಇದ್ದಿಲು ಬೂದಿಯಾಗದೆ ಉಳಿಯುತ್ತದೆ. ಮೇಲ್ಪದರದಲ್ಲಿ ಬೂದಿಯ ಬಿಳುಪು ಕಾಣಿಸುತ್ತಿದ್ದಂತೆ ಮುಂದಿನ ಪದರವನ್ನು ಹಾಕಬೇಕು. ಕಟ್ಟಿಗೆಯ ಚೂರುಗಳಿಗೆ ಈ ನಿಯಮ ಸಾಕು, ಚಾಲಿ (ಸಿಪ್ಪೆಯೊಡನೆ ಒಣಗಿಸಿದ ಅಡಿಕೆ) ಸುಲಿದ ಸಿಪ್ಪೆಗೆ ಸಾಲದು. ತೆಳ್ಳಗೆ ಹರಡಿದರೆ ಮುಂದಿನ ಬುಟ್ಟಿ ತರುವಷ್ಟರಲ್ಲಿ ನಾರೆಲ್ಲ ಉರಿದು ಬೂದಿಯಾಗುತ್ತದೆ. ದಪ್ಪಗೆ ಹಾಕಿದರೆ ನಾರುಗಳು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಂತೆ ಕೂತು ಜ್ವಾಲೆಯನ್ನು ಮುಚ್ಚಿಬಿಡುತ್ತವೆ. ಹಾಗೆ ಮುಚ್ಚಿದೊಡನೆ ಉರಿಯಬೇಕಾದ ಅನಿಲ ಬಿಳಿ ಹೊಗೆಯಾಗಿ ಹೊರಬೀಳುತ್ತದೆ, ಅದರಲ್ಲಿ ಭೂಮಿಯನ್ನು ಬಿಸಿಮಾಡುವ ಮೀಥೇನ್ ಕೂಡ ಇರುತ್ತದೆ. ಹವಾಮಾನಕ್ಕೆ ಒಳಿತಾಗಲೆಂದು ಹೊರಟ ಕೆಲಸ ಅದಕ್ಕೇ ಕೇಡು ಮಾಡುತ್ತಿದೆಯೆಂದು ತಿಳಿದ ಮೇಲೆ ಆರನೆಯ ಸಲ ನಡುವೆಯೇ ನೀರು ಸುರಿದು ನಿಲ್ಲಿಸಿದೆ.

ಬಿಡಿಸಲಾಗದ ಈ ಗಂಟಿನ ಮೊದಲ ಎಳೆ ಸಿಕ್ಕಿದ್ದು ನೇಪಾಳದಿಂದ. ಅಲ್ಲಿ ಗುಂಡಿಯಲ್ಲಿ ಇದ್ದಿಲು ಮಾಡುವ ರೈತ ಮಿತ್ರರೊಬ್ಬರು ಇದ್ದಾರೆ. ಇಬ್ಬರಿಗೂ ತಿಳಿಯುವ ಹಿಂದಿಯಲ್ಲಿ ಆಗಾಗ ಮಾತಾಡುತ್ತೇವೆ. ಹೊಗೆಯ ವಿಡಿಯೋ ನೋಡಿದ ಅವರು ಪದರದ ದಪ್ಪವನ್ನು ಕೇಳಲೇ ಇಲ್ಲ, ಸಿಪ್ಪೆಯನ್ನು ತೂಗಿ ನೋಡಿದ್ದೀರಾ ಎಂದು ಕೇಳಿದರು. ಮುಟ್ಟಿದರೆ ಗರಿಗರಿ ಎನ್ನುತ್ತಿದ್ದ ಸಿಪ್ಪೆ ಹಸಿಯಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ರಾಶಿಯ ಒಡಲಿನಿಂದ ಒಂದು ಕಿಲೋ ತೆಗೆದು, ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಸೀಯದಂತೆ ಕೈಯಾಡಿಸುತ್ತಾ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದೆ. ಉಳಿದದ್ದು 760 ಗ್ರಾಂ. ಅಂದರೆ ಕಾಲುಭಾಗದಷ್ಟು ನೀರೇ ಇತ್ತು! ಚಪ್ಪರದ ಅಡಿಯ ರಾಶಿ ಚಳಿಗಾಲವಿಡೀ ಇಬ್ಬನಿಯನ್ನು ಹೀರಿಕೊಂಡಿತ್ತು. ಅಡಿಕೆ ಒಣಗಿಸುವ ಪಾಲಿಹೌಸ್‌ನಲ್ಲಿ ಐದು ದಿನ ಹರಡಿ ಮತ್ತೆ ತೂಗಿದಾಗ ತೇವಾಂಶ ನೂರಕ್ಕೆ 12ಕ್ಕೆ ಇಳಿದಿತ್ತು.

ಇಷ್ಟಾದರೂ ಚಾಪೆ ಕಟ್ಟುವುದು ತಪ್ಪುತ್ತಿರಲಿಲ್ಲ. ಅದಕ್ಕೆ ಪರಿಹಾರ ತೋಟದಲ್ಲೇ ಬಿದ್ದಿತ್ತು. ಒಣಗಿದ ಸೋಗೆಯ (ಅಡಿಕೆ ಗರಿಯ) ದಿಂಡನ್ನು ಗೇಣುದ್ದಕ್ಕೆ ಕಡಿದು, ಎರಡು ಬುಟ್ಟಿ ಸಿಪ್ಪೆಗೆ ಒಂದು ಬುಟ್ಟಿಯಂತೆ ಬೆರೆಸಿದೆ. ದಿಂಡಿನ ತುಂಡುಗಳು ಅಡ್ಡಾದಿಡ್ಡಿ ಕೂತು ನಾರುಗಳ ನಡುವೆ ಸಂದು ಉಳಿಸುತ್ತವೆ, ಸಿಪ್ಪೆಗಿಂತ ನಿಧಾನವಾಗಿ ಉರಿಯುತ್ತಾ ಜ್ವಾಲೆಯನ್ನೂ ಹಿಡಿದಿಡುತ್ತವೆ. ಬುಟ್ಟಿಯನ್ನು ನಡುವಿಗೆ ಸುರಿಯುವುದನ್ನು ಬಿಟ್ಟು ಅಂಚಿನಿಂದ ಸುತ್ತಲೂ ಉದುರಿಸಿದ್ದು ಇನ್ನೊಂದು ಬದಲಾವಣೆ. ಹೀಗೆ ಮಾಡಿದಾಗ ಒಂದು ಕಡೆ ಮುಚ್ಚಿದರೂ ಉಳಿದ ಕಡೆಯ ಉರಿ ಅದನ್ನು ಹೊತ್ತಿಸಿಕೊಳ್ಳುತ್ತದೆ.

ಒಟ್ಟು 96 ಕಿಲೋ ಹಾಕಿದ್ದೆ. ನೀರಿನಲ್ಲಿ ಆರಿಸಿದ ಇದ್ದಿಲನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ತೂಗಿದಾಗ 21 ಕಿಲೋ ಸಿಕ್ಕಿತು. ಅದರಲ್ಲಿ ಮೂರನೇ ಎರಡು ಪಾಲು ಮಾತ್ರ ಇಂಗಾಲವೆಂದು ಹಿಡಿದರೂ 14 ಕಿಲೋ ಆಗುತ್ತದೆ. ಮಣ್ಣಿಗೆ ಸೇರಿದ ಬಯೋಚಾರ್‌ನ ಇಂಗಾಲವನ್ನು ಲೆಕ್ಕ ಹಾಕುವ ದಾರಿಯನ್ನು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿ ತನ್ನ 2019ರ ಪರಿಷ್ಕೃತ ಮಾರ್ಗಸೂಚಿಯ ಅನುಬಂಧದಲ್ಲಿ ಕೊಟ್ಟಿದೆ. ಅದರ ಪ್ರಕಾರ 450ರಿಂದ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಯಾರಾದ ಇದ್ದಿಲಿನ ಇಂಗಾಲದಲ್ಲಿ ನೂರಕ್ಕೆ 80ರಷ್ಟು ನೂರು ವರ್ಷಗಳ ನಂತರವೂ ಉಳಿದಿರುತ್ತದೆ. ಆ ಲೆಕ್ಕಕ್ಕೆ 11.2 ಕಿಲೋ ಇಂಗಾಲ, ಅಂದರೆ ಸುಮಾರು 41 ಕಿಲೋ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಇರುವಷ್ಟು ಇಂಗಾಲ, ಒಂದು ಮಧ್ಯಾಹ್ನದಲ್ಲಿ ಮಣ್ಣಿನ ಪಾಲಾಗಲು ಸಿದ್ಧವಾಯಿತು. ಮೊದಲ ಕಾಲು ಗಂಟೆಯ ಹೊಗೆಯನ್ನು ಇದರಲ್ಲಿ ಕಳೆಯಬೇಕು. ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ದಿನಗಟ್ಟಲೆ ಹೊಗೆಯಾಡಲು ಬಿಡುವ ನಮ್ಮೂರಿನ ರೂಢಿಯನ್ನು ನೋಡಿದವರಿಗೆ ಈ ಸಣ್ಣ ಮೊತ್ತದ ಬೆಲೆ ತಿಳಿದೀತು.

ಗುಂಡಿಯ ಪಕ್ಕ ನಾಲ್ಕು ಗಂಟೆ ಬೆವರುತ್ತಾ ನಿಂತಾಗ, ಇಷ್ಟೊಂದು ಶಾಖ ಗಾಳಿಯ ಪಾಲಾಗುತ್ತಿದೆಯಲ್ಲ ಎಂದು ಮನಸ್ಸು ಬಚ್ಚಲ ಹಂಡೆಯ ಕಡೆ ಹೋಯಿತು. ಅಮೆರಿಕದ ಟಾಮ್ ರೀಡ್ ಮತ್ತು ನಾರ್ವೆಯ ಪಾಲ್ ವೆಂಡೆಲ್ಬೋ ಒಬ್ಬರನ್ನೊಬ್ಬರು ಅರಿಯದೆ ರೂಪಿಸಿದ, ಮೇಲಿನಿಂದ ಹೊತ್ತಿಸಿ ಉರುವಲಿನಿಂದ ಹೊರಡುವ ಅನಿಲವನ್ನು ಉರಿಸುವ ಗ್ಯಾಸಿಫೈಯರ್ ಒಲೆಯಲ್ಲಿ ನೀರೂ ಕಾಯುತ್ತದೆ, ತಳದಲ್ಲಿ ಇದ್ದಿಲೂ ಉಳಿಯುತ್ತದೆ. ಹಳೆಯ ಎಣ್ಣೆ ಡ್ರಮ್ಮೊಂದನ್ನು ಈಗಾಗಲೇ ತಂದಿಟ್ಟಿದ್ದೇನೆ. ಮಳೆಗಾಲಕ್ಕೆ ಮೊದಲು ಆ ಒಲೆ ಬಚ್ಚಲಿಗೆ ಬರಬೇಕು.

ಅದಕ್ಕೂ ಮೊದಲು ಈ 21 ಕಿಲೋದ ಕೆಲಸವಿದೆ. ಶ್ಮಿಟ್ ಮತ್ತು ಸಂಗಡಿಗರು ನೇಪಾಳದಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಂಜಲದಲ್ಲಿ ನೆನೆಸಿದ ಬಯೋಚಾರ್ ಹಾಕಿದ ಕುಂಬಳದ ಇಳುವರಿ, ಬರಿಯ ಗಂಜಲ ಹಾಕಿದ್ದಕ್ಕೆ ಹೋಲಿಸಿದರೆ ನಾಲ್ಕು ಪಟ್ಟಾಗಿತ್ತು. ನಮ್ಮ ಮಣ್ಣಿನಲ್ಲೂ ಹಾಗೆಯೇ ಆದೀತೆಂದು ನಂಬಿ ಕೂರುವುದಕ್ಕಿಂತ ಅಳೆದು ನೋಡುವುದು ಮೇಲು. ಮೂರು ಮೊಗೆಕಾಯಿ ಮಡಿ ಸಿದ್ಧವಾಗಿವೆ: ಒಂದಕ್ಕೆ ಗಂಜಲ ಮಾತ್ರ, ಒಂದಕ್ಕೆ ಇದ್ದಿಲು ಮಾತ್ರ, ಮತ್ತೊಂದಕ್ಕೆ ಎರಡೂ. ಈ ಮೂರನೆಯ ಮಡಿಯ ಇದ್ದಿಲನ್ನು ಕುಟ್ಟಿ ನಿನ್ನೆ ರಾತ್ರಿಯೇ ಗಂಜಲದಲ್ಲಿ ನೆನೆಹಾಕಿದ್ದೇನೆ. ಬೀಜಕ್ಕೂ ಇದ್ದಿಲಿಗೂ ನಡುವೆ ಎಷ್ಟು ಅಂತರ ಬಿಡಬೇಕೆಂದು ನೇಪಾಳದ ಮಿತ್ರರನ್ನು ಕೇಳಿ ಉತ್ತರಕ್ಕೆ ಕಾಯುತ್ತಿದ್ದೇನೆ.