ತೊಂಬತ್ತು ಅಂಕ ಸರಿ, ಯಾವ ಮೆಷಿನ್‌ನಲ್ಲಿ?

ಸೈಬರ್‌ಪಂಕ್ 2077 ಎಂಬ ವಿಡಿಯೊ ಗೇಮ್‌ನ ರಿವ್ಯೂಗಳು 2020ರ ಡಿಸೆಂಬರ್ 7ರಂದು ಹೊರಬಿದ್ದವು. ಪತ್ರಿಕೆಗಳ ರಿವ್ಯೂ ಅಂಕಗಳನ್ನು ಸೇರಿಸಿ ನೂರಕ್ಕೆ ಸರಾಸರಿ ತೋರಿಸುವ ಮೆಟಾಕ್ರಿಟಿಕ್ ತಾಣದಲ್ಲಿ ಅವತ್ತು ಅಂಕ 90ರ ಮೇಲಿತ್ತು. 10ನೇ ತಾರೀಕು ಗೇಮ್ ಬಂತು. ಅದಾಗಿ ಒಂದು ವಾರಕ್ಕೆ ಸೋನಿ ಅದನ್ನು ಪ್ಲೇಸ್ಟೇಷನ್ ಸ್ಟೋರ್‌ನಿಂದ ಎತ್ತಿಹಾಕಿ, ಕೊಂಡವರಿಗೆ ದುಡ್ಡು ವಾಪಸ್ ಕೊಡುವುದಾಗಿ ಹೇಳಿತು. ವಿಮರ್ಶಕರೆಲ್ಲ ಕಾಸು ತಿಂದಿದ್ದಾರೆ ಎಂಬ ಮಾತು ಆಗ ಜೋರಾಗಿ ಓಡಿತು. ಅಷ್ಟು ದೊಡ್ಡ ಸಂಚೇನೂ ಬೇಕಿರಲಿಲ್ಲ. ರಿವ್ಯೂಗೆಂದು ಹಂಚಿದ್ದು ಪಿಸಿ ಪ್ರತಿ ಮಾತ್ರ. ತಾವೇ ರೆಕಾರ್ಡ್ ಮಾಡಿದ ದೃಶ್ಯಗಳನ್ನು ತೋರಿಸುವಂತಿರಲಿಲ್ಲ, ಕಂಪನಿ ಕೊಟ್ಟ ತುಣುಕುಗಳನ್ನೇ ಬಳಸಬೇಕಿತ್ತು. ಕೊಂಡವರಲ್ಲಿ ಲಕ್ಷಾಂತರ ಮಂದಿಯ ಹತ್ತಿರ ಇದ್ದದ್ದು 2013ರ ಪಿಎಸ್4: ನಿಧಾನದ ಹಾರ್ಡ್ ಡಿಸ್ಕ್, 1.6 ಗಿಗಾಹರ್ಟ್ಸ್‌ನ ಸೋತ ಸಿಪಿಯು. ಗೇಮಿನಲ್ಲಿ ಕಾರು ಓಡುವ ವೇಗಕ್ಕೆ ಆ ಡಿಸ್ಕ್‌ನಿಂದ ಊರು ಮೇಲೆ ಬರುತ್ತಿರಲಿಲ್ಲ. ರಸ್ತೆ ಬರುತ್ತಿತ್ತು, ಅದರ ಮೇಲೆ ಓಡಾಡಬೇಕಾದ ಜನ ಆಮೇಲೆ ಬರುತ್ತಿದ್ದರು.

ಪಿಸಿ ಆವೃತ್ತಿಯ ಅಂಕ ಕೊನೆಗೆ 86ಕ್ಕೆ ನಿಂತಿತು, ಪಿಎಸ್4 ಆವೃತ್ತಿಯದು 57ಕ್ಕೆ. ಹೆಸರು ಒಂದೇ, ಕಥೆ ಒಂದೇ, ನಡುವೆ 29 ಅಂಕ. ಒಂದು ಅಗುಳು ಹಿಸುಕಿ ಅನ್ನ ಬೆಂದಿದೆ ಅನ್ನಬಹುದು, ಆದರೆ ಆ ಅಗುಳು ನಮ್ಮ ಪಾತ್ರೆಯದೇ ಆಗಿರಬೇಕಲ್ಲ.

ಹಾಗಾಗಿ ಅಂಕ ಎಷ್ಟು ಎನ್ನುವ ಮೊದಲು ಅದು ಯಾವ ಮೆಷಿನ್‌ನ ಅಂಕ, ಯಾವ ತಾರೀಕಿನ ಆವೃತ್ತಿಯದು ಎಂದು ಕೇಳಬೇಕು. ಮೆಟಾಕ್ರಿಟಿಕ್ ಒಂದೊಂದು ಪ್ಲಾಟ್‌ಫಾರ್ಮ್‌ಗೂ ಬೇರೆ ಬೇರೆ ಅಂಕ ಇಡುತ್ತದೆ. ಅದನ್ನು ಒತ್ತಿ ನೋಡುವವರು ಕಡಿಮೆ, ಮೇಲೆ ದೊಡ್ಡದಾಗಿ ಕಾಣುವ ಸಂಖ್ಯೆಯನ್ನೇ ಸ್ಕ್ರೀನ್‌ಶಾಟ್ ತೆಗೆದು ಹಂಚುತ್ತಾರೆ. ಇಂಥದ್ದೇ ಇನ್ನೊಂದು ತಾಣ ಓಪನ್‌ಕ್ರಿಟಿಕ್ ಹೀಗೆ ಬೇರ್ಪಡಿಸುವುದೇ ಇಲ್ಲ. 2024ರ ಆಗಸ್ಟ್‌ನಲ್ಲಿ ಬ್ಲ್ಯಾಕ್ ಮಿತ್: ವುಕಾಂಗ್ ಬರುವಾಗಲೂ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಪ್ರತಿಯೇ. ಪಿಎಸ್5ನಲ್ಲಿ ಆಡುವವರಿಗೆ ಬಿಡುಗಡೆಯ ಮುಂಚಿನ ಆ ಅಂಕದಿಂದ ಕಥೆ, ಕಾದಾಟದ ಬಗ್ಗೆ ತಿಳಿಯುತ್ತಿತ್ತು, ತಮ್ಮ ಯಂತ್ರದಲ್ಲಿ ಅದು ಹೇಗೆ ಓಡುತ್ತದೆ ಎಂಬುದು ತಿಳಿಯುತ್ತಿರಲಿಲ್ಲ. ರಿವ್ಯೂ ಓದುವಾಗ ಮೊದಲು ಕೊನೆಯ ಪ್ಯಾರಾಕ್ಕೆ ಹೋಗಿ. "ಪಿಸಿಯಲ್ಲಿ ಆಡಲಾಗಿದೆ, ಪ್ರತಿ ಕೊಟ್ಟವರು ಪ್ರಕಾಶಕರು" ಎಂಬಂಥ ಸಾಲು ಅಲ್ಲಿರುತ್ತದೆ. ಆ ಸಾಲೇ ಇಲ್ಲದ ರಿವ್ಯೂವನ್ನು ಬಿಟ್ಟರೂ ನಷ್ಟವಿಲ್ಲ.

ತಾರೀಕಿನ ವಿಷಯವೂ ಅಷ್ಟೇ. ಒಂದು ಪತ್ರಿಕೆ ಮೊದಲು ಕೊಟ್ಟ ಅಂಕವನ್ನಷ್ಟೇ ಮೆಟಾಕ್ರಿಟಿಕ್ ಲೆಕ್ಕಕ್ಕೆ ಹಿಡಿಯುತ್ತದೆ. ಪ್ರಕಾಶಕರು ಒತ್ತಡ ಹೇರಿ ಅಂಕ ತಿದ್ದಿಸಬಾರದು ಎಂಬುದು ಅದರ ಉದ್ದೇಶ, ಒಳ್ಳೆಯದೇ. ಅಡ್ಡ ಪರಿಣಾಮವೆಂದರೆ ಸೈಬರ್‌ಪಂಕ್‌ಗೆ 2022ರ ಫೆಬ್ರವರಿಯಲ್ಲಿ 1.5, 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂದು, ಪರ್ಕ್‌ಗಳಿಂದ (ಪಾತ್ರ ಗಳಿಸುವ ಶಕ್ತಿಗಳು) ಹಿಡಿದು ಪೊಲೀಸರು ಬೆನ್ನಟ್ಟುವ ರೀತಿಯವರೆಗೆ ಬದಲಾದರೂ ಆ 86 ಅಲ್ಲಾಡಿಲ್ಲ. ಸುಧಾರಣೆಗೂ ಅಂಕವಿಲ್ಲ, ಹದಗೆಟ್ಟರೂ ಕಡಿತವಿಲ್ಲ. ಬಿಡುಗಡೆಯಾಗಿ ಆರು ತಿಂಗಳು ಕಳೆದ ಗೇಮ್ ಕೊಳ್ಳುವವರಿಗೆ ಪಿಸಿ ಗೇಮ್ ಮಾರುವ ಸ್ಟೀಮ್ ಅಂಗಡಿಯಲ್ಲಿ ಕಾಣುವ ಕಳೆದ 30 ದಿನಗಳ ರಿವ್ಯೂ ಸಾಲೇ ಹೆಚ್ಚು ಉಪಯೋಗ.

ಈಗ ಆ ಸರಾಸರಿಯ ಒಳಗೆ ಇಣುಕಿ. ಒಬ್ಬ ವಿಮರ್ಶಕ ಐದಕ್ಕೆ ಮೂರು ಸ್ಟಾರ್ ಕೊಟ್ಟ ಅನ್ನಿ. ಅವನ ಪತ್ರಿಕೆಯ ವಿವರಣೆಯಲ್ಲಿ ಮೂರು ಸ್ಟಾರ್ ಎಂದರೆ "ಚೆನ್ನಾಗಿದೆ, ಈ ಬಗೆಯ ಗೇಮ್ ಇಷ್ಟವಿದ್ದರೆ ಆಡಿ". ಮೆಟಾಕ್ರಿಟಿಕ್‌ನಲ್ಲಿ ಅದು 60 ಆಗುತ್ತದೆ, ಹಳದಿ ಬಣ್ಣ. ಯಾಕೆಂದರೆ ಗೇಮ್‌ಗಳಿಗೆ ಹಸಿರು ಶುರುವಾಗುವುದೇ 75ರಿಂದ. ಸಿನಿಮಾಗಳಿಗಾದರೆ 61 ಸಾಕು. ಅಕ್ಷರದ ದರ್ಜೆ ಕೊಡುವವರ ಪಾಡು ಇನ್ನೂ ವಿಚಿತ್ರ: ಬಿ ಮೈನಸ್ ಕೊಟ್ಟರೆ 67. ಶಾಲೆಯಲ್ಲಿ ಬಿ ಮೈನಸ್ ತಂದ ಹುಡುಗನನ್ನು ಯಾರೂ ಹಾಗೆ ಅಳೆಯುವುದಿಲ್ಲ. ಹತ್ತರ ಅಳತೆಯಲ್ಲಿ ಬರೆಯುವವರು ಅದೇ "ಚೆನ್ನಾಗಿದೆ"ಗೆ 7 ಅಥವಾ 7.5 ಹಾಕುತ್ತಾರೆ. ಇಬ್ಬರ ಅಭಿಪ್ರಾಯ ಒಂದೇ, ಸರಾಸರಿಯಲ್ಲಿ 10–15 ಅಂಕ ವ್ಯತ್ಯಾಸ. ಇದರ ಮೇಲೆ ಯಾವ ಪತ್ರಿಕೆಗೆ ಎಷ್ಟು ತೂಕ ಎಂಬುದನ್ನು ಮೆಟಾಕ್ರಿಟಿಕ್ ಹೊರಗೆ ಹೇಳುವುದಿಲ್ಲ. ಆದ್ದರಿಂದ 81 ಮತ್ತು 84ರ ನಡುವಿನ ಅಂತರಕ್ಕೆ ಅರ್ಥ ಹುಡುಕುವುದು ದಂಡ. 70 ಮತ್ತು 90ರ ನಡುವೆ ಅರ್ಥವಿದೆ.

ದುಡ್ಡು ಕೊಡುವವರು ಮಾತ್ರ ಆ ಸಣ್ಣ ಅಂತರದಲ್ಲೂ ಅರ್ಥ ಹುಡುಕಿದ್ದಾರೆ. ಫಾಲ್‌ಔಟ್: ನ್ಯೂ ವೇಗಸ್ ಮಾಡಿದ ಅಬ್ಸಿಡಿಯನ್ ತಂಡಕ್ಕೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂಬ ಷರತ್ತಿತ್ತು. ಬಂದದ್ದು 84. ಆ ತಂಡದ ಕ್ರಿಸ್ ಅವೆಲೋನ್ ಅವರೇ 2012ರಲ್ಲಿ ಇದನ್ನು ಹೇಳಿದ್ದು. ಯಾರೋ ಒಬ್ಬ ಅಕ್ಷರದ ದರ್ಜೆಯ ಬದಲು ಹತ್ತರ ಅಳತೆ ಬಳಸಿದ್ದರೆ ಆ ಒಂದು ಅಂಕ ಬರುತ್ತಿತ್ತೇನೋ.

ಅಂಕಕ್ಕಿಂತ ಅಂಕಗಳ ಹರವು ಹೆಚ್ಚು ಹೇಳುತ್ತದೆ. ಎಲ್ಲರೂ 75ರಿಂದ 85ರ ಒಳಗೆ ನಿಂತು 80 ಆದ ಗೇಮ್ ಸುರಕ್ಷಿತ: ಬೇಸರ ತರಿಸದು, ಬೆರಗೂ ತರಿಸದು. ಅರ್ಧ ಜನ 100 ಕೊಟ್ಟು, ಇನ್ನರ್ಧ 60 ಕೊಟ್ಟು 80 ಆದ ಗೇಮ್ ಬೇರೆಯೇ ಪ್ರಾಣಿ. ಅಂಥದ್ದರಲ್ಲಿ ಒಂದು 100 ಹಾಗೂ ಒಂದು 60ರ ರಿವ್ಯೂ ಎರಡನ್ನೂ ಪೂರ್ತಿ ಓದಬೇಕು. ಇಬ್ಬರೂ ಸಾಮಾನ್ಯವಾಗಿ ಒಂದೇ ಗುಣದ ಬಗ್ಗೆ ಬರೆದಿರುತ್ತಾರೆ. ಒಬ್ಬನಿಗೆ ಅದು ಹಿಡಿಸಿರುತ್ತದೆ, ಇನ್ನೊಬ್ಬನಿಗೆ ಅದೇ ತಲೆನೋವು. ನಿಮಗೆ ಬೇಕಾದದ್ದು ಆ ಗುಣದ ಹೆಸರು.

ಸ್ಟೀಮ್‌ನ ಶೇಕಡಾವಾರು ಇದಕ್ಕಿಂತ ತೀರಾ ಬೇರೆ ವಸ್ತು. ಅಲ್ಲಿ ಅಂಕವೇ ಇಲ್ಲ, ಹೆಬ್ಬೆರಳು ಮೇಲೆ ಅಥವಾ ಕೆಳಗೆ. 95% ಎಂದರೆ ನೂರಕ್ಕೆ 95 ಅಂಕದ ಗೇಮ್ ಎಂದಲ್ಲ. ನೂರರಲ್ಲಿ 95 ಜನಕ್ಕೆ ದುಡ್ಡು ದಂಡವಾಗಲಿಲ್ಲ ಎಂದಷ್ಟೇ. ಎಲ್ಲರಿಗೂ ಸುಮಾರಾಗಿ ಹಿಡಿಸಿದ ಸಣ್ಣ ಗೇಮ್ ಸುಲಭವಾಗಿ 95% ಮುಟ್ಟುತ್ತದೆ. ಇನ್ನು 70% ಮುಟ್ಟಿದರೆ "ಬಹುತೇಕ ಪಾಸಿಟಿವ್", 69% ಆದರೆ "ಮಿಶ್ರ". ಆ ಮಿಶ್ರ 40%ವರೆಗೂ ಚಾಚಿಕೊಂಡಿದೆ, ಹಾಗಾಗಿ ಹಳದಿ ಅಕ್ಷರ ಕಂಡಾಗ ಮೌಸ್ ಅದರ ಮೇಲಿಟ್ಟು ನಿಜವಾದ ಶೇಕಡಾವಾರು ನೋಡಿ. 68 ಮತ್ತು 42ಕ್ಕೆ ಒಂದೇ ಹಣೆಪಟ್ಟಿ. ಸ್ಟೀಮ್‌ನಲ್ಲೇ ಕೊಳ್ಳದೆ ಹೊರಗಿಂದ ಕೀ (ಗೇಮ್ ತೆರೆಯುವ ಕೋಡ್) ತಂದು ಹಾಕಿದವರ ರಿವ್ಯೂ 2016ರಿಂದ ಈ ಲೆಕ್ಕಕ್ಕೆ ಸೇರುವುದಿಲ್ಲ.

ರಿವ್ಯೂಗಳ ಪಕ್ಕದ ಗ್ರಾಫ್ ತೆರೆದರೆ ಕೆಂಪು ಕಂಬ ಯಾವ ದಿನ ಎದ್ದಿದೆ ಕಾಣುತ್ತದೆ. 2024ರ ಮೇ ಮೊದಲ ವಾರ ಹೆಲ್‌ಡೈವರ್ಸ್ 2ಕ್ಕೆ ಸೋನಿಯ ಆನ್‌ಲೈನ್ ಖಾತೆ ಪಿಎಸ್‌ಎನ್ ಕಡ್ಡಾಯ ಎಂದಾಗ ಕೆಲವೇ ದಿನದಲ್ಲಿ 2 ಲಕ್ಷಕ್ಕೂ ಹೆಚ್ಚು ನೆಗೆಟಿವ್ ರಿವ್ಯೂ ಬಿದ್ದವು, ಸೋನಿ ಹಿಂದೆ ಸರಿಯಿತು. ಗೇಮ್ ಹಿಂದಿನ ದಿನ ಹೇಗಿತ್ತೋ ಹಾಗೇ ಇತ್ತು. ಇಂಥದ್ದನ್ನು ರಿವ್ಯೂ ಬಾಂಬಿಂಗ್ ಎಂದು ಸಾರಾಸಗಟಾಗಿ ತಳ್ಳಿಹಾಕುವುದು ಸರಿಯಲ್ಲ, ಆ ಜನರ ದೂರು ನಿಜವಾದದ್ದೇ. ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಬಂದ ದಿನ ಮೆಟಾಕ್ರಿಟಿಕ್‌ನಲ್ಲಿ ಸುರಿದ ಸೊನ್ನೆಗಳು ಬೇರೆ ಜಾತಿಯವು: ಮುಗಿಸಲು 25 ಗಂಟೆ ಬೇಕಾದ ಗೇಮಿಗೆ ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ತೀರ್ಪು. ಅದಾದ ಮೇಲೆಯೇ ಮೆಟಾಕ್ರಿಟಿಕ್ ಆಟಗಾರರ ಅಂಕಕ್ಕೆ 36 ಗಂಟೆ ತಡೆ ಹಾಕಿದ್ದು.

ಭಾಷೆಯದೂ ಒಂದು ಪದರವಿದೆ. 2025ರ ಆಗಸ್ಟ್‌ನಿಂದ ಸ್ಟೀಮ್ ಭಾಷಾವಾರು ಅಂಕ ತೋರಿಸುತ್ತಿದೆ. ಗೇಮಿಗೆ ಒಟ್ಟು 2,000 ರಿವ್ಯೂ, ಆ ಭಾಷೆಯಲ್ಲಿ ಕನಿಷ್ಠ 200 ಇದ್ದರೆ ಬೇರೆ ಲೆಕ್ಕ. ಸೆಪ್ಟೆಂಬರ್ 4ಕ್ಕೆ ಹಾಲೋ ನೈಟ್: ಸಿಲ್ಕ್‌ಸಾಂಗ್ ಬಂದಾಗ ಇದು ಚೆನ್ನಾಗಿ ಕಂಡಿತು. ಇಂಗ್ಲಿಷ್‌ನಲ್ಲಿ ಹೊಗಳಿಕೆ, ಚೀನಿ ಭಾಷೆಯಲ್ಲಿ ಬೈಗುಳ, ಕಾರಣ ಚೀನಿ ಅನುವಾದ ಕೆಟ್ಟಿತ್ತು. ಮೊದಲಾಗಿದ್ದರೆ ಎರಡೂ ಕಲಸಿ ಒಂದೇ ಸಂಖ್ಯೆಯಾಗುತ್ತಿತ್ತು. ಸ್ಟೀಮ್‌ನ ರಿವ್ಯೂ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇಲ್ಲ, ಆದ್ದರಿಂದ ನಮಗೆ ಸದ್ಯ ಇಂಗ್ಲಿಷ್‌ನವರ ಅಂಕವೇ ಗತಿ.

ಮತ್ತೆ ಮೆಷಿನ್‌ಗೆ ಬರೋಣ, ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ 2025ರ ಫೆಬ್ರವರಿ 28ಕ್ಕೆ ಬಂತು. ವಿಮರ್ಶಕರ ಅಂಕ 90ರ ಆಸುಪಾಸು, ಸ್ಟೀಮ್‌ನಲ್ಲಿ ಮೊದಲ ದಿನವೇ "ಮಿಶ್ರ", ಜೂನ್ ಹೊತ್ತಿಗೆ ಇತ್ತೀಚಿನ ರಿವ್ಯೂಗಳು ಪಾತಾಳಕ್ಕೆ. ಸುಳಿವು ಮೊದಲೇ ಇತ್ತು. ಕ್ಯಾಪ್‌ಕಾಮ್ ಕೊಟ್ಟ ಶಿಫಾರಸು ಪಟ್ಟಿಯಲ್ಲಿ 1080ಪಿ ರೆಸಲ್ಯೂಷನ್, ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಎಂದಿದ್ದ ಸಾಲಿನಲ್ಲೇ "ಫ್ರೇಮ್ ಜನರೇಷನ್ ಆನ್" ಎಂದೂ ಇತ್ತು. ಅಂದರೆ ಆ 60ರಲ್ಲಿ ಸುಮಾರು ಅರ್ಧ ಫ್ರೇಮ್‌ಗಳು ನಡುವೆ ಊಹಿಸಿ ತುಂಬಿದವು. ಕಣ್ಣಿಗೆ ನುಣುಪಾಗಿ ಕಂಡರೂ ಗುಂಡಿ ಒತ್ತಿದ್ದಕ್ಕೆ ಗೇಮ್ ಓಗೊಡುವುದು 30 ಫ್ರೇಮ್‌ನ ವೇಗದಲ್ಲಿ. ಸಿಸ್ಟಮ್ ಪಟ್ಟಿಯಲ್ಲಿ ಈ ಪದ ಕಂಡರೆ ಸಂಖ್ಯೆಯನ್ನು ಮನಸ್ಸಿನಲ್ಲೇ ಎರಡರಿಂದ ಭಾಗಿಸಿ.

ಲ್ಯಾಪ್‌ಟಾಪ್‌ನವರಿಗೆ ಇನ್ನೊಂದು ಬಲೆ. ರಿವ್ಯೂದಲ್ಲಿ "ಆರ್‌ಟಿಎಕ್ಸ್ 4070ರಲ್ಲಿ ಚೆನ್ನಾಗಿ ಓಡಿತು" ಎಂದಿದ್ದರೆ ಅದು ಬಹುತೇಕ ಡೆಸ್ಕ್‌ಟಾಪ್‌ನ ಗ್ರಾಫಿಕ್ಸ್ ಕಾರ್ಡ್, 12 ಜಿಬಿ ಮೆಮೊರಿ. ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್‌ಗೆ 8 ಜಿಬಿ ಮಾತ್ರ, ಚಿಪ್ಪೂ ಬೇರೆ. ಟೆಕ್ಸ್‌ಚರ್ (ಮೇಲ್ಮೈಗಳ ಚಿತ್ರದ ವಿವರ) ಹೈ ಇಟ್ಟು 8 ಜಿಬಿ ತುಂಬಿದ ಕ್ಷಣ ಗೇಮ್ ಮುಖ್ಯ ಮೆಮೊರಿಗೆ ಎಡತಾಕತೊಡಗುತ್ತದೆ, ತಿರುಗಿದಾಗೆಲ್ಲ ತಡವರಿಸುತ್ತದೆ. ಟೆಕ್ಸ್‌ಚರ್ ಒಂದು ಹಂತ ಇಳಿಸಿದರೆ ಇದು ಸರಿಹೋಗುತ್ತದೆ. ನೆರಳು, ಹುಲ್ಲು ಇಳಿಸಿದರೆ ಅಷ್ಟು ಗುಣ ಕಾಣದು.

ಪರ್ಫಾರ್ಮೆನ್ಸ್ ವಿಡಿಯೊ ನೋಡುವಾಗ ಸರಾಸರಿ ಫ್ರೇಮ್ ರೇಟ್ ಬಿಟ್ಟು 1% ಲೋ (ತೀರಾ ನಿಧಾನದ ಶೇಕಡಾ ಒಂದು ಫ್ರೇಮ್‌ಗಳ ವೇಗ) ಎಂಬ ಸಂಖ್ಯೆ ಹುಡುಕಿ. 60 ಫ್ರೇಮ್ ಎಂದರೆ ಒಂದೊಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್. ನಡುವೆ ಒಂದೇ ಒಂದು ಫ್ರೇಮ್ 100 ಮಿಲಿಸೆಕೆಂಡ್ ತೆಗೆದುಕೊಂಡರೂ ಆರು ಫ್ರೇಮ್‌ಗಳ ಹೊತ್ತು ಚಿತ್ರ ಕಲ್ಲಾಗುತ್ತದೆ. ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ, ಕೈಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಸರಾಸರಿ 70, 1% ಲೋ 25 ಇರುವ ಗೇಮ್‌ಗಿಂತ ಸರಾಸರಿ 55, ಲೋ 45 ಇರುವುದು ಆಡಲು ಎಷ್ಟೋ ಹಿತ.

ಇಷ್ಟೆಲ್ಲ ನೋಡಿಯೂ ಅನುಮಾನ ಉಳಿದರೆ ಸ್ಟೀಮ್‌ನಲ್ಲಿ ರಿಫಂಡ್ ಇದೆ: ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ. ಡೌನ್‌ಲೋಡ್ ಹೊತ್ತು ಲೆಕ್ಕಕ್ಕಿಲ್ಲ, ಗೇಮ್ ತೆರೆದ ಮೇಲೆ ನಡೆಯುವ ಶೇಡರ್ ಕಂಪೈಲ್ (ಚಿತ್ರ ಬಿಡಿಸುವ ಕೋಡನ್ನು ನಿಮ್ಮ ಗ್ರಾಫಿಕ್ಸ್ ಕಾರ್ಡ್‌ಗೆ ಹೊಂದಿಸಿಕೊಳ್ಳುವುದು) ಲೆಕ್ಕಕ್ಕಿದೆ. 2023ರ ಮಾರ್ಚ್‌ನಲ್ಲಿ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಗೆ ಬಂದಾಗ ಆ ಕಂಪೈಲ್ ಮುಗಿಯುವುದನ್ನು ಕಾಯುವುದರಲ್ಲೇ ಎಷ್ಟೋ ಜನರ ರಿಫಂಡ್ ಗಡುವು ಕರಗಿತ್ತು. ಬಿಡುಗಡೆಗೆ ಮುಂಚೆ ಆಡುವ ದುಬಾರಿ ಆವೃತ್ತಿ ಕೊಂಡರೆ ಆ ಹೊತ್ತೂ 2024ರ ಏಪ್ರಿಲ್‌ನಿಂದ ಎರಡು ಗಂಟೆಯೊಳಗೇ ಸೇರುತ್ತದೆ. ಪ್ಲೇಸ್ಟೇಷನ್‌ನಲ್ಲಿ ಡೌನ್‌ಲೋಡ್ ಶುರು ಮಾಡಿದ ಮೇಲೆ ದೋಷವಿದ್ದರಷ್ಟೇ ರಿಫಂಡ್, ಹಾಗಾಗಿ ಅಲ್ಲಿನವರು ಕೊಳ್ಳುವ ಮುಂಚೆಯೇ ತಮ್ಮದೇ ಮಾಡೆಲ್‌ನ ವಿಡಿಯೊ ನೋಡಿರಬೇಕು.

ಸ್ಟೀಮ್‌ನ ಆ ಎರಡು ಗಂಟೆಯನ್ನು ಆಟ ಕಲಿಸುವ ಆರಂಭದ ಟ್ಯುಟೋರಿಯಲ್‌ನಲ್ಲಿ ಕಳೆಯಬೇಡಿ. ಅದು ಸಾಮಾನ್ಯವಾಗಿ ಗುಹೆ, ಓಣಿ, ಕೋಣೆ. ಎಲ್ಲ ಮೆಷಿನ್‌ನಲ್ಲೂ ಓಡುತ್ತದೆ. ಡ್ರ್ಯಾಗನ್ಸ್ ಡಾಗ್ಮಾ 2 ಒಳ್ಳೆಯ ಉದಾಹರಣೆ. 2024ರ ಮಾರ್ಚ್ 22ಕ್ಕೆ ಬಂದಾಗ ವಿಮರ್ಶಕರು ಮೆಚ್ಚಿದ್ದರು, ಸ್ಟೀಮ್‌ನಲ್ಲಿ ಸಿಟ್ಟು. ದುಡ್ಡು ಕೊಟ್ಟು ಕೊಳ್ಳುವ ಸಣ್ಣಪುಟ್ಟ ಐಟಂಗಳ ಪಟ್ಟಿ ಅವತ್ತೇ ಅಂಗಡಿಯಲ್ಲಿ ಕಂಡದ್ದು ಒಂದು ಕಾರಣ, ಊರೊಳಗೆ ಬಿದ್ದುಹೋಗುವ ಫ್ರೇಮ್ ರೇಟ್ ಇನ್ನೊಂದು. ಕಾಡಿನಲ್ಲಿ ಸಲೀಸಾಗಿ ಓಡುತ್ತಿದ್ದ ಗೇಮ್ ಅದರೊಳಗಿನ ವರ್ನ್‌ವರ್ತ್ ಪೇಟೆಗೆ ಕಾಲಿಟ್ಟೊಡನೆ ಕುಂಟುತ್ತಿತ್ತು. ಅಲ್ಲಿನ ಒಬ್ಬೊಬ್ಬ ಪಾತ್ರದ ಲೆಕ್ಕವನ್ನೂ ಸಿಪಿಯು ಹಾಕಬೇಕಿತ್ತು, ಆದ್ದರಿಂದ ಗ್ರಾಫಿಕ್ಸ್ ಸೆಟ್ಟಿಂಗ್ ಎಷ್ಟು ಇಳಿಸಿದರೂ ಅಲ್ಲಿ ಹೆಚ್ಚೇನೂ ಗೆಲ್ಲಲಾಗುತ್ತಿರಲಿಲ್ಲ. ಇಂಥ ಗೇಮ್‌ನಲ್ಲಿ ಪಾತ್ರದ ಮುಖ ಕೆತ್ತುತ್ತ ಮುಕ್ಕಾಲು ಗಂಟೆ ಕೂತರೆ ಕೆಟ್ಟಿತು. ಮುಖ ಕೆತ್ತುವ ಭಾಗವನ್ನು ಕ್ಯಾಪ್‌ಕಾಮ್ ಬಿಡುಗಡೆಗೆ ಎರಡು ವಾರ ಮುಂಚೆ ಪ್ರತ್ಯೇಕವಾಗಿ ಪುಕ್ಕಟೆ ಕೊಟ್ಟಿತ್ತು. ಅದನ್ನು ಅಲ್ಲೇ ಮುಗಿಸಿಕೊಂಡು, ಗೇಮ್ ತೆರೆದ ಮೇಲೆ ಮೆಲ್ವ್ ಹಳ್ಳಿಯಿಂದ ಎತ್ತಿನಗಾಡಿ ಹತ್ತಿ ನೇರ ವರ್ನ್‌ವರ್ತ್‌ಗೆ ಹೋಗಿ, ಪೇಟೆಯ ನಡುವೆ ನಿಂತು ಒಂದು ಸುತ್ತು ತಿರುಗಿ ನೋಡಬೇಕು.