ಕೆರೆ ಏರಿ ಮೇಲೆ 20 ನಿಮಿಷ

ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ಬೆಳಿಗ್ಗೆ ಆರು ಗಂಟೆಗೆ ಯಾರ ಕಣ್ಣಿಗೂ ಬೀಳದೆ ಓಡುವುದು ಆಗದ ಮಾತು. ಅರ್ಧ ಊರೇ ವಾಕಿಂಗಿಗೆ ಬಂದಿರುತ್ತದೆ. ನಲವತ್ತು ದಾಟಿದ, ಮೈಕೈ ತುಂಬಿಕೊಂಡ ಹೆಂಗಸು ಚೂಡಿದಾರದಲ್ಲಿ ಓಡಿದರೆ ನೋಡದೇ ಇರುತ್ತಾರಾ? "ಯಾರೂ ನೋಡಲ್ಲ, ಸುಮ್ನೆ ಓಡಿ" ಅನ್ನುವವರ ಮಾತನ್ನು ನಾನಂತೂ ನಂಬುವುದಿಲ್ಲ.

ಆದರೆ ಜಾಸ್ತಿ ಮುಜುಗರ ಆಗುತ್ತಿದ್ದುದು ಓಡುವಾಗ ಅಲ್ಲ, ಓಟ ನಿಲ್ಲಿಸಿ ನಡೆಯುವಾಗ. ನಾನು ಹಿಡಿದಿದ್ದು 'ಕೌಚ್ ಟು 5ಕೆ' ಕ್ರಮ, ಅಂದರೆ ಓಡಿ ರೂಢಿಯಿಲ್ಲದವರನ್ನು ಸ್ವಲ್ಪ ಸ್ವಲ್ಪವಾಗಿ 5 ಕಿಲೋಮೀಟರ್ ಓಟಕ್ಕೆ ಪಳಗಿಸುವ ಲೆಕ್ಕ. 1996ರಲ್ಲಿ ಜಾಶ್ ಕ್ಲಾರ್ಕ್ ಎಂಬುವರು ರೂಪಿಸಿದ್ದು. 9 ವಾರ, ವಾರಕ್ಕೆ 3 ದಿನ. ಮೊದಲ ವಾರ 60 ಸೆಕೆಂಡ್ ಓಡಬೇಕು, 90 ಸೆಕೆಂಡ್ ನಡೆಯಬೇಕು, ಮತ್ತೆ ಓಡಬೇಕು. ನಾನು ನಡಿಗೆಗೆ ಇಳಿಯುವ ಹೊತ್ತಿಗೆ ಸರಿಯಾಗಿ ಮಂಕಿ ಕ್ಯಾಪ್ ಹಾಕಿದ ಹಿರಿಯರೊಬ್ಬರು ಎದುರಾಗುತ್ತಿದ್ದರು. "ಯಾಕಮ್ಮಾ, ಸುಸ್ತಾಯ್ತಾ?"

ಒಂದು ದಿನ ಹೇಳಿಯೇಬಿಟ್ಟೆ. "ಇಲ್ಲ ಸಾರ್, ಇಷ್ಟು ಓಡಬೇಕು, ಇಷ್ಟು ನಡೀಬೇಕು ಅಂತ ಲೆಕ್ಕ ಇದೆ."

"ಓಹೋ, ಲೆಕ್ಕಾನಾ!" ಅಂದರು. ಅಲ್ಲಿಂದ ಪ್ರಶ್ನೆ ಬದಲಾಯಿತು. "ಇವತ್ತಿನ ಲೆಕ್ಕ ಎಷ್ಟು?"

ನಡುವೆ ಮೊಣಕಾಲ ಕೆಳಗಿನ ಮೂಳೆ ಹಿಡಿದುಕೊಂಡಿತು. ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ಸ್ನಾಯುಗಳಿಗೆ ಸಮಯ ಬೇಕು. ವಾರಕ್ಕೆ ಮೂರೇ ದಿನ ಯಾಕೆ ಅಂತ ಆಗ ಗೊತ್ತಾಯಿತು.

ಐದನೇ ವಾರದ ಮೂರನೇ ಓಟಕ್ಕೆ ಎಲ್ಲರೂ ಹೆದರುತ್ತಾರೆ. ಹಿಂದಿನ ಸಲ 8 ನಿಮಿಷದ ಎರಡು ಓಟ, ನಡುವೆ 5 ನಿಮಿಷ ನಡಿಗೆ. ಈ ಸಲ ಒಮ್ಮೆಲೇ 20 ನಿಮಿಷ, ನಡೆಯುವ ಹಾಗೇ ಇಲ್ಲ. ಒಂದು ಪೂರ್ತಿ ವಾಕ್ಯ ಮಾತಾಡೋಕಾಗುವಷ್ಟು ನಿಧಾನ ಓಡಿದರೆ ಸಾಕು ಅನ್ನುತ್ತಾರೆ. ದುಪಟ್ಟಾ ಸೊಂಟಕ್ಕೆ ಬಿಗಿದು ಹಾಗೇ ಹೊರಟೆ. ಎಷ್ಟು ನಿಧಾನ ಅಂದರೆ, ಸೊಸೆಯಂದಿರ ಸುದ್ದಿ ಮಾತಾಡುತ್ತಾ ಬರುತ್ತಿದ್ದ ಇಬ್ಬರು ಹೆಂಗಸರು ನಡೆದುಕೊಂಡೇ ನನ್ನನ್ನು ದಾಟಿಹೋದರು! ನಾನು ಓಡುತ್ತಿದ್ದೇನೆ, ಅವರು ನಡೆಯುತ್ತಿದ್ದಾರೆ. ಒಬ್ಬರು ತಿರುಗಿ ನೋಡಿದರು. ಜೋರಾಗಿ ಓಡಿ ತೋರಿಸಿಬಿಡೋಣ ಅಂತ ಕಾಲು ತುರಿಸಿತು. ಓಡಲಿಲ್ಲ. ನೋಡಿದವರು ಎರಡೇ ಹೆಜ್ಜೆಗೆ ಮತ್ತೆ ಸೊಸೆಯ ವಿಷಯಕ್ಕೆ ಮರಳಿದರು. ನನಗಿಂತ ಆ ಸೊಸೆಯೇ ದೊಡ್ಡ ಸುದ್ದಿ, ಅಲ್ವಾ?

ಕೆರೆಯಲ್ಲಿ ಹೆಜ್ಜಾರ್ಲೆಗಳು ತೇಲುತ್ತಿದ್ದವು. ನೋಡುವ ಪುರಸೊತ್ತು ಇರಲಿಲ್ಲ. ಹದಿನೈದನೇ ನಿಮಿಷದಲ್ಲಿ ಪಕ್ಕೆ ಚುಚ್ಚಿತು, ಆಮೇಲೆ ತಾನಾಗೇ ಬಿಟ್ಟಿತು. ಫೋನು ಗಂಟೆ ಬಾರಿಸಿದಾಗ ಮೈಯೆಲ್ಲಾ ಬೆವರು, ಆದರೆ ಇನ್ನೂ ಓಡಬಹುದಿತ್ತು.

ಮುಂದಿನ ವಾರದ ಮೊದಲ ದಿನ ಮತ್ತೆ 5 ನಿಮಿಷ ಓಟ, 3 ನಿಮಿಷ ನಡಿಗೆ. ಕ್ರಮ ಇರುವುದೇ ಹಾಗೆ. ನಡಿಗೆಗೆ ಇಳಿದಾಗ ಮಂಕಿ ಕ್ಯಾಪಿನವರು ಸಿಕ್ಕರು.

"ಇದೇನಮ್ಮಾ, ಲೆಕ್ಕ ಹಿಂದಕ್ಕೆ ಹೋಯ್ತಲ್ಲ?"

ಅವರ ಜೊತೆಗೇ 3 ನಿಮಿಷ ನಡೆಯುತ್ತಾ ಎಲ್ಲಾ ವಿವರಿಸಿದೆ.