ಯಜಮಾನ ಕಠಿಣನೆಂದು ಅವನಿಗೆ ಹೇಳಿದವರಾರು?

2026 ಮಾರ್ಚ್ 12, ಗುರುವಾರ

ಬೈಬಲ್ ಅಧ್ಯಯನದ ಗುಂಪಿಗೆ ಬರುವ ಹುಡುಗಿಯೊಬ್ಬಳು ಬೆಳಗ್ಗೆ ಫೋನ್ ಮಾಡಿದ್ದಳು. ಈಸ್ಟರ್‌ಗೆ ಮುಂಚಿನ 40 ದಿನಗಳ ಉಪವಾಸಕಾಲವಾದ ಲೆಂಟ್ ಶುರುವಾದಾಗಿನಿಂದ ಮಧ್ಯಾಹ್ನದ ಊಟ ಬಿಟ್ಟು ಆ ಹೊತ್ತನ್ನು ಪ್ರಾರ್ಥನೆಗೆ ಇಟ್ಟುಕೊಂಡಿದ್ದಾಳೆ. ನಿನ್ನೆ ಕೆಲಸದ ಗಡಿಬಿಡಿಯಲ್ಲಿ ಮರೆತು ಊಟ ಮಾಡಿಬಿಟ್ಟಳಂತೆ. “ಅಕ್ಕಾ, ಇಲ್ಲಿವರೆಗೆ ಮಾಡಿದ್ದು ಲೆಕ್ಕಕ್ಕೆ ಬರುತ್ತಾ? ಇಲ್ಲ ಮತ್ತೆ ಮೊದಲಿಂದ ಶುರು ಮಾಡ್ಬೇಕಾ?” ಅಂದಳು. ಬೇಸರದ ದನಿಯಾಗಿದ್ದರೆ ಎರಡು ಸಮಾಧಾನದ ಮಾತು ಹೇಳಿ ಮುಗಿಸುತ್ತಿದ್ದೆ. ಅದು ಹೆದರಿದ ದನಿ.

“ಲೆಕ್ಕ ಬರೀತಿರೋದು ಯಾರಮ್ಮಾ?” ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ದೇವರೇ ಅಲ್ವಾ?” ಅಂದಳು.

ಮೊದಲು ಕ್ಯಾಲೆಂಡರಿನ ಮಾತು ಹೇಳಿದೆ. ಲೆಂಟ್ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್‌ನ ಹಿಂದಿನ ದಿನದವರೆಗೆ ಎಣಿಸಿದರೆ 40 ಬರುವುದಿಲ್ಲ, 46 ಬರುತ್ತದೆ. ನಡುವಿನ 6 ಭಾನುವಾರಗಳನ್ನು ಉಪವಾಸದ ಎಣಿಕೆಗೆ ಸೇರಿಸುವುದಿಲ್ಲ. ಪ್ರತಿ ಭಾನುವಾರವೂ ಪುನರುತ್ಥಾನದ ದಿನ. ಎಂಥ ಪಶ್ಚಾತ್ತಾಪದ ಕಾಲವಾದರೂ ಅವತ್ತು ಹಬ್ಬವೇ. ನಿಯಮ ಮಾಡಿದವರೇ ನಿಯಮದ ಮಧ್ಯೆ ಹಬ್ಬಕ್ಕೆ ಜಾಗ ಬಿಟ್ಟಿದ್ದಾರೆ. ಇಷ್ಟಕ್ಕೂ ಈ 40 ದಿನಗಳನ್ನು ಆಚರಿಸಿ ಎಂದು ಯೇಸು ಎಲ್ಲೂ ಅಪ್ಪಣೆ ಕೊಟ್ಟಿಲ್ಲ. ಇದು ನೀನಾಗಿ ಪ್ರೀತಿಯಿಂದ ಹಿಡಿದದ್ದು. ಇವತ್ತು ಮುಂದುವರಿಸು, ನಿನ್ನೆಯದನ್ನು ಬಿಟ್ಟುಬಿಡು ಅಂದೆ. ನಕ್ಕಳು. ಆ ಹುಡುಗಿಯ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು.

ನನಗೆ ಮುಗಿಯಲಿಲ್ಲ. “ದೇವರೇ ಅಲ್ವಾ?” ಎಂದ ರೀತಿ ತಲೆಯಲ್ಲಿ ಉಳಿದುಬಿಟ್ಟಿತು. ನಿಯಮನಿಷ್ಠೆಯ ಧರ್ಮ, ವಿಶ್ವಾಸದ ಧರ್ಮ ಎಂದು ನಾವು ಪ್ರಸಂಗಗಳಲ್ಲಿ ಎರಡು ಭಾಗ ಮಾಡಿ ಮಾತಾಡುತ್ತೇವೆ. ನಿಯಮ ಕಡಿಮೆ ಮಾಡಿಬಿಟ್ಟರೆ ವಿಶ್ವಾಸ ತಾನಾಗಿ ಬೆಳೆಯುತ್ತದೆ ಎಂಬಂತೆ. ನನಗೆ ಹಾಗನ್ನಿಸುವುದಿಲ್ಲ. ಒಂದೇ ಉಪವಾಸವನ್ನು ಒಬ್ಬಳು ಹಾಡುತ್ತಾ ಮಾಡುತ್ತಾಳೆ, ಇನ್ನೊಬ್ಬಳು ನಡುಗುತ್ತಾ ಮಾಡುತ್ತಾಳೆ. ನಿಯಮ ಒಂದೇ. ಅದರ ಹಿಂದೆ ನಿಂತಿರುವವನ ಮುಖ ಇಬ್ಬರಿಗೂ ಬೇರೆ ಬೇರೆಯಾಗಿ ಕಂಡಿದೆ, ಅಷ್ಟೆ.

ಮಧ್ಯಾಹ್ನ ಮತ್ತಾಯ 25 ತೆರೆದು ಯೇಸು ಹೇಳಿದ ತಲಾಂತುಗಳ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಮತ್ತೆ ಓದಿದೆ. ತಲಾಂತು ಎಂದರೆ ಆ ಕಾಲದ ಹಣದ ಒಂದು ಅಳತೆ. ಯಜಮಾನ ದೂರದೇಶಕ್ಕೆ ಹೊರಡುವಾಗ ಒಬ್ಬ ಆಳಿಗೆ ಐದು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು ತಲಾಂತು ಕೊಟ್ಟು ಹೋಗುತ್ತಾನೆ. ಮೊದಲಿಬ್ಬರು ದುಡಿಸಿ ಎರಡರಷ್ಟು ಮಾಡುತ್ತಾರೆ. ಮೂರನೆಯವನು ನೆಲ ಅಗೆದು ಹೂತಿಡುತ್ತಾನೆ. ಯಜಮಾನ ಮರಳಿ ಬಂದು ಲೆಕ್ಕ ಕೇಳಿದಾಗ ಅವನು ಹೇಳುವ ಮಾತನ್ನು ನಾವು ಸರಸರನೆ ದಾಟಿಬಿಡುತ್ತೇವೆ: ನೀನು ಕಠಿಣ ಮನುಷ್ಯ, ಬಿತ್ತದಲ್ಲಿ ಕೊಯ್ಯುವವನು ಎಂದು ಬಲ್ಲೆ, ಆದ್ದರಿಂದ ಹೆದರಿದೆ, ಇಗೋ ನಿನ್ನದು ನಿನಗೆ.

ಒಂದು ತಲಾಂತು ಎಂದರೆ ಚಿಲ್ಲರೆ ಕಾಸಲ್ಲ. ಬೆಳ್ಳಿಯ ತಲಾಂತಿಗೆ ಸುಮಾರು 6,000 ದಿನಾರಿ. ದ್ರಾಕ್ಷಿತೋಟದ ಕೂಲಿಗಳ ಸಾಮ್ಯದಲ್ಲಿ ಒಂದು ದಿನದ ಕೂಲಿ ಒಂದು ದಿನಾರಿ. ವರ್ಷಕ್ಕೆ ಸುಮಾರು 300 ದಿನದ ದುಡಿಮೆ ಎಂದು ಹಿಡಿದರೂ ಅದು ಇಪ್ಪತ್ತು ವರ್ಷದ ಸಂಪಾದನೆ. ಎಲ್ಲರಿಗಿಂತ ಕಡಿಮೆ ಸಿಕ್ಕಿದ ಆಳಿನ ಕೈಗೆ ಬಿದ್ದದ್ದು ಅಷ್ಟು! ಸಾಕ್ಷಿ ಇಲ್ಲ, ಪತ್ರ ಇಲ್ಲ, ಬೇಹುಗಾರ ಇಲ್ಲ. ಕೊಟ್ಟವನು ಕೊಟ್ಟು ಹೊರಟುಹೋದ. ಅಷ್ಟನ್ನು ನಂಬಿ ಕೊಟ್ಟವನನ್ನು ಇವನು ಜಿಪುಣ, ಕ್ರೂರಿ ಎಂದು ತೀರ್ಮಾನಿಸಿಕೊಂಡಿದ್ದಾನೆ. ಯಜಮಾನ ಎಂಥವನು ಎಂಬುದಕ್ಕೆ ಪುರಾವೆ ಅವನ ಅಂಗೈಯಲ್ಲೇ ಇತ್ತು. ಅವನು ಅದನ್ನೇ ಹೂತ.

ಗಮನಿಸಿ ನೋಡಿದರೆ ಅವನು ಯಾವ ನಿಯಮವನ್ನೂ ಮುರಿದಿಲ್ಲ. ಕದಿಯಲಿಲ್ಲ, ದುಂದು ಮಾಡಲಿಲ್ಲ, ಕೊಟ್ಟದ್ದನ್ನು ಚೂರೂ ಕಮ್ಮಿಯಾಗದಂತೆ ಹಿಂತಿರುಗಿಸಿದ. ತಪ್ಪು ಹುಡುಕುವವರಿಗೆ ತಪ್ಪೇ ಸಿಗದ ಹಾಗೆ ಬದುಕಿದ. ಹೆದರಿದವನ ಧರ್ಮ ಇಲ್ಲಿಗೆ ಬಂದು ನಿಲ್ಲುತ್ತದೆ ಎನ್ನಿಸುತ್ತದೆ. ಅವನ ಆಸೆಯೆಲ್ಲ ಒಂದೇ, ಬೈಸಿಕೊಳ್ಳಬಾರದು.

(ಈ ಸಾಮ್ಯದ ಕೊನೆ ನನಗೆ ಇನ್ನೂ ಜೀರ್ಣವಾಗಿಲ್ಲ. ಆ ಆಳನ್ನು ಹೊರಗಣ ಕತ್ತಲೆಗೆ ಹಾಕಿ ಎನ್ನುತ್ತಾನೆ ಯಜಮಾನ. ಹಾಗಾದರೆ ಅವನು ಹೇಳಿದ್ದೇ ನಿಜವಾಯಿತಲ್ಲ ಎಂದು ಗುಂಪಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನಿನ್ನ ಮಾತಿನಿಂದಲೇ ನಿನಗೆ ತೀರ್ಪು ಎಂಬ ಅರ್ಥದ ಮಾತು ಲೂಕ 19ರಲ್ಲಿ ಬರುವ ಇಂಥದ್ದೇ ಸಾಮ್ಯದಲ್ಲಿದೆ. ದೇವರನ್ನು ಕ್ರೂರಿ ಎಂದೇ ಹಟ ಹಿಡಿದವನು ಕೊನೆಗೆ ಆ ಕ್ರೂರಿಯ ಜೊತೆಗೇ ಬದುಕಬೇಕಾಗುತ್ತದೆ ಎಂದು ಓದಬಹುದು. ಅಷ್ಟಕ್ಕೆ ಒಪ್ಪಿಸಿಕೊಂಡು ಮುಂದೆ ಹೋಗುವುದು ಬೇಡ ಅಂತಲೂ ಅನ್ನಿಸುತ್ತದೆ.)

ಲೂಕ 15ರ ಹಿರಿಮಗನೂ ಇದೇ ಜಾತಿಯವನು. ತನ್ನ ಪಾಲಿನ ಆಸ್ತಿಯನ್ನು ಹಾಳುಮಾಡಿಕೊಂಡು ಹೋಗಿದ್ದ ತಮ್ಮ ಈಗ ಮನೆಗೆ ಮರಳಿದ್ದಾನೆ, ಒಳಗೆ ವಾದ್ಯ, ಕುಣಿತ. ಅಣ್ಣ ಅಂಗಳದಲ್ಲೇ ನಿಂತು, ಇಷ್ಟು ವರ್ಷ ನಿನಗೆ ಗುಲಾಮನ ಹಾಗೆ ದುಡಿದೆ, ನಿನ್ನ ಒಂದು ಅಪ್ಪಣೆಯನ್ನೂ ಮೀರಲಿಲ್ಲ, ಒಂದು ಆಡುಮರಿಯನ್ನಾದರೂ ಕೊಟ್ಟೆಯಾ ಎಂದು ಅಪ್ಪನನ್ನು ಕೇಳುತ್ತಾನೆ. ಅಪ್ಪ ಹೇಳುವುದು ಇಷ್ಟು: ಮಗನೇ, ನೀನು ಯಾವಾಗಲೂ ನನ್ನ ಸಂಗಡವೇ ಇದ್ದೀಯಲ್ಲ, ನನ್ನದೆಲ್ಲ ನಿನ್ನದೇ. ಸ್ವಂತ ಮನೆಯಲ್ಲಿ ಅವನು ಬಾಡಿಗೆದಾರನಂತೆ ಬದುಕಿಬಿಟ್ಟಿದ್ದಾನೆ. ತಿಂಗಳು ತಿಂಗಳು ತಪ್ಪದೆ ಬಾಡಿಗೆ ಕಟ್ಟುತ್ತಾ, ಗೋಡೆಗೆ ಒಂದು ಮೊಳೆ ಹೊಡೆಯಲೂ ಅಂಜುತ್ತಾ. ಆ ಕಥೆಯನ್ನು ಲೂಕ ಮುಗಿಸುವುದೇ ಇಲ್ಲ. ಅಣ್ಣ ಒಳಗೆ ಹೋದನೋ ಇಲ್ಲವೋ, ಬರೆದಿಲ್ಲ.

ಪ್ರಾಟೆಸ್ಟಂಟ್ ಸುಧಾರಣೆಗೆ ಕಾರಣನಾದ ಜರ್ಮನಿಯ ಮಾರ್ಟಿನ್ ಲೂಥರನನ್ನು ಈ ಸಾಲಿನಲ್ಲಿ ನೆನೆಯದೆ ಇರಲು ಆಗುವುದಿಲ್ಲ. 1505ರಲ್ಲಿ ಎರ್ಫರ್ಟಿನ ಅಗಸ್ಟೀನಿಯನ್ ಮಠ ಸೇರಿದ. ಉಪವಾಸ, ಜಾಗರಣೆ, ಗಂಟೆಗಟ್ಟಲೆ ಪಾಪನಿವೇದನೆ. ನಿವೇದನೆ ಮುಗಿಸಿ ಎದ್ದಮೇಲೆ ಯಾವುದೋ ಪಾಪ ಬಿಟ್ಟುಹೋಯಿತು ಎಂಬ ಸಂಕಟ. ಸಾಯುವ ಹಿಂದಿನ ವರ್ಷ, 1545ರಲ್ಲಿ, ಆ ದಿನಗಳನ್ನು ನೆನೆದು ಅವನು ಬರೆದುಕೊಂಡ: ಸನ್ಯಾಸಿಯಾಗಿ ನಿಂದೆಗೆ ಎಡೆಯಿಲ್ಲದಂತೆ ಬದುಕುತ್ತಿದ್ದರೂ, ಪಾಪಿಗಳನ್ನು ದಂಡಿಸುವ ನೀತಿವಂತನಾದ ದೇವರನ್ನು ತಾನು ಪ್ರೀತಿಸಲಿಲ್ಲ, ದ್ವೇಷಿಸುತ್ತಿದ್ದೆ ಎಂದು. ಎಲ್ಲ ನಿಯಮಗಳನ್ನೂ ಪಾಲಿಸುತ್ತಿದ್ದವನ ಬಾಯಿಂದ ಬಂದ ಮಾತು ಅದು. ಅವನ ಮಠದ ಹಿರಿಯ ಸ್ಟೌಪಿಟ್ಸ್ ಅವನಿಗೆ ಹೊಸ ವ್ರತವನ್ನೇನೂ ಹೇಳಲಿಲ್ಲ, ಕ್ರಿಸ್ತನ ಗಾಯಗಳ ಕಡೆ ನೋಡು ಅಂದ. ದೇವರು ಎಂಥವನೆಂದು ಅಲ್ಲಿ ನೋಡಿ ತಿಳಿ ಎಂದು. ಮುಂದಿನ ಇತಿಹಾಸ ಎಲ್ಲರಿಗೂ ಗೊತ್ತು. ಆ ಇತಿಹಾಸದಲ್ಲಿ ಒಡೆದುಹೋದ ಸಭೆಗಳು, ಕ್ಯಾಥೊಲಿಕರು ಮತ್ತು ಲೂಥರನ್ನರು, 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕೂತು ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು: ದೇವರು ನಮ್ಮನ್ನು ಅಂಗೀಕರಿಸುವುದು ನಮ್ಮ ಅರ್ಹತೆಯಿಂದಲ್ಲ, ಕ್ರಿಸ್ತನಲ್ಲಿ ನಂಬಿಕೆಯ ಮೂಲಕ, ಕೃಪೆಯಿಂದ ಮಾತ್ರವೇ ಎಂದು. ಬಾಯಿಮಾತಿಗೆ ಎಲ್ಲರೂ ಒಪ್ಪಿದ ವಿಷಯ ಎಂದಾಯಿತು. ಆದರೂ ಹುಡುಗಿ ಹೆದರಿಕೊಂಡೇ ಫೋನ್ ಮಾಡುತ್ತಾಳೆ.

ಇಲ್ಲಿ ಒಂದು ತಕರಾರು ಎತ್ತಲೇಬೇಕು. ಇಂಥ ಮಾತು ಬಂದಾಗಲೆಲ್ಲ ಹಳೆ ಒಡಂಬಡಿಕೆ ಎಂದರೆ ನಿಯಮ, ಹೊಸ ಒಡಂಬಡಿಕೆ ಎಂದರೆ ಪ್ರೀತಿ, ಯೆಹೂದ್ಯರೆಲ್ಲ ಕಲ್ಲೆದೆಯವರು ಎಂಬಂತೆ ಮಾತಾಡುವುದು ನಮ್ಮಲ್ಲಿ ರೂಢಿಯಾಗಿದೆ. ಅದು ಅನ್ಯಾಯ. ಹತ್ತು ಆಜ್ಞೆಗಳು ಆಜ್ಞೆಯಿಂದ ಶುರುವಾಗುವುದೇ ಇಲ್ಲ. ದಾಸತ್ವದಲ್ಲಿದ್ದ ನಿನ್ನನ್ನು ಐಗುಪ್ತದಿಂದ ಬಿಡಿಸಿದ ನಿನ್ನ ದೇವರು ನಾನೇ ಎನ್ನುವುದು ಮೊದಲ ಮಾತು. ಬಿಡುಗಡೆ ಮೊದಲಾಯಿತು, ಆಜ್ಞೆಗಳನ್ನು ಕೊಟ್ಟ ಸೀನಾಯಿ ಬೆಟ್ಟ ಆಮೇಲೆ ಬಂತು. ನೀವು ಸಂಖ್ಯೆಯಲ್ಲಿ ದೊಡ್ಡವರೆಂದು ಆರಿಸಿಕೊಳ್ಳಲಿಲ್ಲ, ಪ್ರೀತಿಸಿದ್ದರಿಂದ ಆರಿಸಿಕೊಂಡೆನು ಎಂದು ಧರ್ಮೋಪದೇಶಕಾಂಡ 7ರಲ್ಲಿದೆ. ಧರ್ಮಶಾಸ್ತ್ರವನ್ನು ಜೇನಿಗಿಂತ ಸಿಹಿ ಎಂದು ಹಾಡಿದವನ 119ನೆಯ ಕೀರ್ತನೆ ಇಡೀ ಕೀರ್ತನೆಗಳಲ್ಲೇ ಉದ್ದನೆಯದು. ಬೆದರಿದವನು 176 ವಚನ ಹಾಡಲಾರ. ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯ ಪಂಗಡದವರಾದ ಫರಿಸಾಯರನ್ನು ಬೈದು ನಾವು ಪಾರಾಗುವಂತಿಲ್ಲ. ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತೇನೆ ಎಂದು ದೇವಾಲಯದಲ್ಲಿ ಹೇಳಿಕೊಂಡವನು ನಮ್ಮ ಸಭೆಯಲ್ಲೂ ಮುಂದಿನ ಸಾಲಿನಲ್ಲೇ ಕೂರುತ್ತಾನೆ.

ಇನ್ನೊಂದು ಹೆದರಿಕೆಯೂ ಇದೆ. ಅದು ದೇವರದ್ದಲ್ಲ, ಅಕ್ಕಪಕ್ಕದವರದ್ದು. ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯಿಂದ, ಇಂಥ ಸಹಪಂಕ್ತಿಯನ್ನು ಒಪ್ಪದ ಕೆಲವರು ಬಂದರು. ಪೇತ್ರ ಮೆಲ್ಲನೆ ಎದ್ದು ಬೇರೆ ಕೂತ, ಬಾರ್ನಬನೂ ಅವನ ಹಿಂದೆ ಹೋದ. ಪೌಲ ಎಲ್ಲರೆದುರು ಮುಖಕ್ಕೆ ಮುಖ ಕೊಟ್ಟು ಕೇಳಿದ್ದನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ತಾನೇ ಹೇಳಿಕೊಂಡಿದ್ದಾನೆ. ಪೇತ್ರನಿಗೆ ಸಿದ್ಧಾಂತ ಗೊತ್ತಿತ್ತು, ದರ್ಶನವೂ ಆಗಿತ್ತು, ಅನ್ಯಜನನಾದ ಕೊರ್ನೇಲ್ಯನ ಮನೆಯಲ್ಲಿ ಪವಿತ್ರಾತ್ಮನು ಇಳಿದದ್ದನ್ನು ಕಣ್ಣಾರೆ ನೋಡಿದ್ದ. ಇಷ್ಟಿದ್ದೂ ನಾಲ್ಕು ಜನ ನೋಡುತ್ತಿದ್ದಾರೆ ಎಂದಾಗ ಎದ್ದ. ಯಾವ ಬಟ್ಟೆ, ಯಾವ ಹಾಡು, ಯಾರ ಜೊತೆ ಮದುವೆಯೂಟ ಎಂದು ಸಭೆಗಳು ಹಾಕಿಕೊಂಡ ಎಷ್ಟೋ ಗೆರೆಗಳ ಹಿಂದೆ ದೇವರ ಭಯಕ್ಕಿಂತ ಈ ಭಯವೇ ಹೆಚ್ಚು.

ಹಾಗಂತ ನಂಬಿದರಾಯಿತು, ಹೇಗೆ ಬದುಕಿದರೂ ನಡೆಯುತ್ತದೆ ಎನ್ನುವವರ ಜೊತೆ ನನಗೆ ಜಗಳವೂ ಇಲ್ಲ, ತಾಳ್ಮೆಯೂ ಇಲ್ಲ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬ ಹೇಳಿ ಮುಗಿಸಿದ್ದಾನೆ. ಪೌಲನೂ ಅದೇ ಗಲಾತ್ಯ ಪತ್ರದ ಐದನೆಯ ಅಧ್ಯಾಯದಲ್ಲಿ, ಪ್ರೀತಿಯ ಮೂಲಕ ಕೆಲಸ ನಡೆಸುವ ನಂಬಿಕೆಯೇ ಬೇಕಾದದ್ದು ಎನ್ನುತ್ತಾನೆ. ಐದು ತಲಾಂತಿನ ಆಳು ಸುಮ್ಮನೆ ಕೂರಲಿಲ್ಲವಲ್ಲ, ಹೂತಿಟ್ಟವನಿಗಿಂತ ಎಷ್ಟೋ ಪಾಲು ಹೆಚ್ಚು ದುಡಿದ. ನಷ್ಟವಾದರೂ ಯಜಮಾನ ತನ್ನನ್ನು ಹೊರಹಾಕುವುದಿಲ್ಲ ಎಂಬ ಧೈರ್ಯವಿಲ್ಲದೆ ಅಷ್ಟು ಹಣವನ್ನು ವ್ಯಾಪಾರಕ್ಕೆ ಹೂಡಲು ಯಾರಿಗೆ ಸಾಧ್ಯ?

ಬರೆಯುತ್ತಾ ಹೋದಂತೆ ಇನ್ನೊಂದು ಬಲೆ ಕಾಣುತ್ತಿದೆ. ನಿಯಮ ಬಿಟ್ಟು ನಂಬಿಕೆ ಹಿಡಿ ಎಂದರೆ ನಂಬಿಕೆಯನ್ನೇ ನಿಯಮ ಮಾಡಿಕೊಳ್ಳುವ ಜಾಣರು ನಾವು. ನಾನು ಸಾಕಷ್ಟು ನಂಬಿದ್ದೇನೆಯೇ? ಪ್ರಾರ್ಥನೆಗೆ ಉತ್ತರ ಬರದಿದ್ದರೆ ನನ್ನ ನಂಬಿಕೆಯಲ್ಲೇ ಕೊರತೆಯೇ? ರೋಗಿಯ ಹಾಸಿಗೆಯ ಪಕ್ಕ ನಿಂತು, ನೀವು ಇನ್ನೂ ನಂಬಬೇಕಿತ್ತು ಎನ್ನುವವರನ್ನು ಕಂಡಿದ್ದೇನೆ. ಗಲಾತ್ಯದ ವಿಶ್ವಾಸಿಗಳ ಮೇಲೆ ಸುನ್ನತಿಯನ್ನು ಹೇರಲು ಹೊರಟವರಿಗಿಂತ ಇವರು ಕ್ರೂರಿಗಳು. ಅಳೆಯಲು ಬಾರದ್ದನ್ನು ಅಳೆದು ಕೊಡು ಎನ್ನುತ್ತಾರೆ.

ಮಾರ್ಕ 9ರಲ್ಲಿ ಮೂರ್ಛೆ ಬೀಳುವ ಮಗನನ್ನು ಕರೆತಂದ ತಂದೆಗೆ ಈ ಪರೀಕ್ಷೆ ಇಟ್ಟಿದ್ದರೆ ಫೇಲಾಗುತ್ತಿದ್ದ. ಶಿಷ್ಯರು ಪ್ರಯತ್ನಿಸಿ ಕೈಚೆಲ್ಲಿದ್ದಾರೆ. ನಿನ್ನ ಕೈಲಾದರೆ ಏನಾದರೂ ಮಾಡು ಎನ್ನುವ ಅವನ ಮಾತಿನಲ್ಲೇ ಅನುಮಾನವಿದೆ. ನಂಬುವವನಿಗೆ ಎಲ್ಲವೂ ಆಗುವುದು ಎಂದು ಯೇಸು ಹೇಳಿದ ಕೂಡಲೇ ಅವನು ಕೂಗಿಕೊಳ್ಳುತ್ತಾನೆ: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು. ಯೇಸು ಮೊದಲು ಅಪನಂಬಿಕೆ ತೀರಿಸಿಕೊಂಡು ಬಾ ಎನ್ನಲಿಲ್ಲ. ಹುಡುಗನ ಕಡೆ ತಿರುಗಿದ, ಗುಣಪಡಿಸಿದ, ಕೈಹಿಡಿದು ಎಬ್ಬಿಸಿದ. ಆ ತಂದೆ ಒಳಗಿನ ಅನುಮಾನವನ್ನೂ ಕೂಡ ಯಾರ ಮುಂದೆ ಬಿಚ್ಚಿಡಬಹುದೆಂದು ಸರಿಯಾಗಿಯೇ ಊಹಿಸಿದ್ದ. ನಂಬಿಕೆಯ ಬಗ್ಗೆ ನನಗೆ ಗೊತ್ತಿರುವ ಎಲ್ಲ ಪ್ರಸಂಗಗಳನ್ನೂ ಕೊಟ್ಟು ಅವನ ಆ ಒಂದು ವಾಕ್ಯವನ್ನು ತೆಗೆದುಕೊಳ್ಳಲು ಸಿದ್ಧಳಿದ್ದೇನೆ.

ಶನಿವಾರದ ಅಧ್ಯಯನಕ್ಕೆ ಮತ್ತಾಯ 20. ಸಂಜೆ ಒಂದೇ ಗಂಟೆ ದುಡಿದವನಿಗೂ ಇಡೀ ದಿನದ ದಿನಾರಿ ಕೊಟ್ಟ ತೋಟದ ಯಜಮಾನ. ಬೆಳಗಿನಿಂದ ಬಿಸಿಲಲ್ಲಿ ಬೆಂದವರ ಪರ ವಾದಿಸಲು ಗುಂಪಿನ ಹಿರಿಯರೊಬ್ಬರನ್ನು ಈಗಲೇ ಒಪ್ಪಿಸಿದ್ದೇನೆ. ಜೀವಮಾನವಿಡೀ ಒಂದು ಆರಾಧನೆಯನ್ನೂ ತಪ್ಪಿಸದವರು. ಚೆನ್ನಾಗಿಯೇ ವಾದಿಸುತ್ತಾರೆ, ಅವರ ಮಾತಿಗೆ ಉತ್ತರ ಹುಡುಕಿಕೊಳ್ಳುವ ಕೆಲಸ ನನಗಿದೆ.